ನಮ್ಮ ಬೀದಿಯ ಎಡಬಲ ಮುಚ್ಚಿಟ್ಟವರಿಗೆ

ಮಾನ್ಯ ರಸ್ತೆ ನಕ್ಷೆ ಬಿಡಿಸುವ ಸಾಫ್ಟ್‌ವೇರ್ ಸಾಹೇಬರೇ,

ತಮ್ಮ ಪಾದಗಳು ಎಲ್ಲಿವೆ ಎಂದು ಗೊತ್ತಿದ್ದರೆ ಅವಕ್ಕೇ ನಮಸ್ಕಾರ ಹಾಕಿ ಶುರುಮಾಡುತ್ತಿದ್ದೆ. ಗೊತ್ತಿಲ್ಲದ ಕಾರಣ ತಾವು ಕೂತಿರುವ ಕಂಪ್ಯೂಟರಿನ ಪೆಟ್ಟಿಗೆಗೆ ಒಟ್ಟಾರೆಯಾಗಿ ಒಂದು ನಮಸ್ಕಾರ ಹಾಕಿದ್ದೇನೆ, ಒಳಗೆ ತಲುಪಿಸಿಕೊಳ್ಳಬೇಕು. ತಾವು ಅಲ್ಲಿ ಕ್ಷೇಮವೆಂದು ನಂಬಿದ್ದೇನೆ. ತಮ್ಮ ಫ್ಯಾನು ತಣ್ಣಗೆ ಬೀಸುತ್ತಿರಲಿ, ಕೆಲಸದ ನಡುವೆ ಕರೆಂಟು ಹೋಗದಿರಲಿ, ತಮ್ಮ ಮೇಲೆ ಯಾರೂ ಚಹಾ ಚೆಲ್ಲದಿರಲಿ. ಇಲ್ಲಿ ನಾವು ಕ್ಷೇಮವಾಗಿಲ್ಲ. ನಮ್ಮ ಬೀದಿಯ ನೀರಿನ ಪೈಪು ಒಡೆದಿದೆ, ನಮ್ಮ ಚಿಕ್ಕಮ್ಮ ನನ್ನ ಜೊತೆ ಮಾತು ಬಿಟ್ಟಿದ್ದಾಳೆ, ಎರಡಕ್ಕೂ ತಾವೇ ಕಾರಣ ಎಂದು ನಾಲ್ಕು ಜನರ ಎದುರಿಗೆ ಹೇಳುವುದಕ್ಕೆ ನನಗೆ ತುಂಬಾ ಸಂತೋಷವಾಗುತ್ತದೆ.

ನಾನು ಯಾರು ಎಂದರೆ, ಜೆಸಿಬಿ ಓಡಿಸುವವನು. ಒಂಬತ್ತನೇ ಕ್ಲಾಸಿನ ನಡುವೆ ಎದ್ದು ಬಂದವನು. ನಾನು ಎದ್ದು ಬಂದದ್ದಕ್ಕೆ ಆ ಕ್ಲಾಸಿನಲ್ಲಿ ಯಾರೂ ಅತ್ತಿಲ್ಲ, ನಾನೂ ಅತ್ತಿಲ್ಲ. ಆದ್ದರಿಂದ ಈ ಪತ್ರದಲ್ಲಿ ವಿನಯ ಎಲ್ಲಾದರೂ ಕಡಿಮೆ ಬಿದ್ದರೆ, ಅಂಗಡಿಯಲ್ಲಿ ಇದ್ದದ್ದೇ ಅಷ್ಟು ಎಂದು ತಿಳಿದು ತಾವು ಸುಮ್ಮನಾಗಬೇಕು. ಇದನ್ನು ಬಹಿರಂಗವಾಗಿ ಬರೆಯುತ್ತಿರುವುದು ಕೂಡ ದೊಡ್ಡಸ್ತಿಕೆಗಲ್ಲ. ತಮ್ಮ ವಿಳಾಸ ಕೇಳಿದರೆ ಎಲ್ಲರೂ ಒಂದು ಪರದೆಯನ್ನು ತೋರಿಸುತ್ತಾರೆ, ಪರದೆಗೆ ಅಂಚೆ ಪೆಟ್ಟಿಗೆ ಇಲ್ಲ.

ಮೊದಲು ಹೊಗಳಿ ಆಮೇಲೆ ಬೈಯಬೇಕು, ದೂರು ಬರೆಯುವ ಕ್ರಮ ಹಾಗೇ ಇದೆಯಂತೆ. ಹೊಗಳುತ್ತೇನೆ. ಒಂದು ಇಡೀ ರಸ್ತೆಯನ್ನು ಬ್ರೆಡ್ಡಿನ ಹಾಗೆ ಅಡ್ಡಡ್ಡ ಕೊಯ್ದು, ಒಂದೊಂದು ಹೋಳಿನ ಮುಖವನ್ನೂ ಹಾಳೆಯ ಮೇಲೆ ನಿಲ್ಲಿಸಿ, ಮೇಲೆ ಡಾಂಬರು, ಅದರಡಿ ಜಲ್ಲಿ, ಅದರಡಿ ಮಣ್ಣು, ಆ ಮಣ್ಣಿನೊಳಗೆ ನೀರಿನ ಪೈಪು ನೀಲಿ, ಕರೆಂಟಿನ ಕೇಬಲ್ಲು ಕೆಂಪು, ಇನ್ನೂ ಕಟ್ಟದೇ ಇರುವ ಹೊಸ ಚರಂಡಿ ಹಸಿರು ಎಂದು ಬಣ್ಣ ಹಂಚಿ ಕೂರಿಸುವ ತಮ್ಮ ಕೈಚಳಕವನ್ನು ನಾನು ಕಣ್ಣಾರೆ ಕಂಡಿದ್ದೇನೆ. ಕ್ರಾಸ್ ಸೆಕ್ಷನ್ ಎಂದು ಅದರ ಹೆಸರು. ಉಗುರಿಗೆ ಕೆಸರು ಸೋಕಿಸಿಕೊಳ್ಳದೆ ಹೊಟ್ಟೆಯೊಳಗೆ ಏನಿದೆ ಎಂದು ಹೇಳುವವರು ತಮ್ಮನ್ನು ಬಿಟ್ಟರೆ ಸ್ಕ್ಯಾನಿಂಗ್ ಮಾಡುವ ಡಾಕ್ಟರು ಮಾತ್ರ. ಅವರಾದರೂ ಆಗಾಗ ತಲೆ ಕೆರೆದುಕೊಂಡು ‘ನೋಡೋಣ’ ಎನ್ನುತ್ತಾರೆ. ತಾವು ಹಾಗೆ ಎಂದೂ ಹೇಳಿದವರಲ್ಲ. ಗೊತ್ತಿಲ್ಲದಿದ್ದರೂ ತಮ್ಮ ಗೆರೆ ನೇರವಾಗಿಯೇ ಇರುತ್ತದೆ.

ಇದಕ್ಕೆ ಸಾಕ್ಷಿ ನಮ್ಮ ಕೆಲಸದ ತಗಡಿನ ಶೆಡ್ಡಿನ ಗೋಡೆಗೆ ಇನ್ನೂ ಅಂಟಿಕೊಂಡಿದೆ. ತಾವು ಕಳಿಸಿದ ಮೊದಲ ಹಾಳೆ ಅದು. ಮೇಲ್ಗಡೆ ಕೂದಲೆಳೆಯಷ್ಟು ತೆಳ್ಳಗೆ ರಸ್ತೆ, ಅದರಡಿ ಹಾಳೆ ತುಂಬ ಖಾಲಿ, ತೀರಾ ಕೆಳಗೆ ಅಂಚಿನಲ್ಲಿ ಒಂದೇ ಒಂದು ಕೆಂಪು ಚುಕ್ಕೆ. ಯಾರೋ ಸೊಳ್ಳೆ ಹೊಡೆದಿದ್ದಾರೆ ಎಂದು ನಮ್ಮ ಮೇಸ್ತ್ರಿ ಅದನ್ನು ಉಗುರಿನಿಂದ ಕೆರೆದು ನೋಡಿದ. ಆಮೇಲೆ ತಿಳಿದದ್ದು, ಅದು ಕರೆಂಟಿನ ಕೇಬಲ್ಲು. ಅದರ ಆಳ ತುಂಬಿಸುವುದನ್ನು ಯಾರೋ ಮರೆತಿದ್ದರು. ಮರೆತರೆ ತಾವು ಸೊನ್ನೆ ಎಂದುಕೊಳ್ಳುತ್ತೀರಂತೆ, ತಮ್ಮ ಸೊನ್ನೆ ಎಂದರೆ ಸಮುದ್ರದ ಮಟ್ಟವಂತೆ, ನಮ್ಮ ಊರೋ ಸಮುದ್ರಕ್ಕಿಂತ ಎಷ್ಟೋ ಎತ್ತರದಲ್ಲಿದೆ. ಒಂದು ಬೀದಿದೀಪಕ್ಕೆ ಅಷ್ಟು ಆಳದಿಂದ ಕರೆಂಟು ಎಳೆದು ತರುವ ಶ್ರದ್ಧೆ ಇನ್ಯಾರಿಗಿದೆ ಸ್ವಾಮಿ. ಮತ್ತೆ ತಮ್ಮ ಪೈಪುಗಳು ಯಾವಾಗಲೂ ಕೋಳಿಮೊಟ್ಟೆಯನ್ನು ನೆಟ್ಟಗೆ ನಿಲ್ಲಿಸಿದ ಹಾಗೆ ಕಾಣುತ್ತವೆ. ಅದೂ ತಪ್ಪಲ್ಲವಂತೆ, ಆಳ ಚೆನ್ನಾಗಿ ಕಾಣಲಿ ಎಂದು ಎತ್ತರವನ್ನು ಅಗಲಕ್ಕಿಂತ ಎರಡರಷ್ಟು ಎಳೆದು ತೋರಿಸುವುದು ತಮ್ಮ ಮನೆತನದ ಪದ್ಧತಿಯಂತೆ. ಆ ಮೊಟ್ಟೆಯ ವಿಷಯಕ್ಕೆ ಆಮೇಲೆ ಬರುತ್ತೇನೆ, ಮರೆತಿಲ್ಲ.

ಈಗ ಚಿಕ್ಕಮ್ಮನ ಪರಿಚಯ. ನನ್ನನ್ನು ಸಾಕಿದವಳು ಅವಳು. ನಮ್ಮ ಬೀದಿಯ ಸರಿ ಮಧ್ಯದಲ್ಲಿ ಅವಳ ಲಾಂಡ್ರಿ ಇದೆ, ಲಾಂಡ್ರಿಯ ಹಿಂದೆಯೇ ನಮ್ಮ ಮನೆ. ಎರಡು ಒಗೆಯುವ ಯಂತ್ರ, ಉದ್ದನೆಯ ಒಂದು ಇಸ್ತ್ರಿ ಮೇಜು, ಹೆರಿಗೆ ಆಸ್ಪತ್ರೆಯಿಂದ ದಿನಾ ಬರುವ ಹಾಸಿಗೆ ಬಟ್ಟೆಯ ಗಂಟುಗಳು, ಇಷ್ಟೇ ಅವಳ ರಾಜ್ಯ, ಆ ರಾಜ್ಯ ನಡೆಯುವುದು ಒಂದು ನಲ್ಲಿಯಿಂದ. ಚಿಕ್ಕಮ್ಮ ಸಿಟ್ಟು ಬಂದರೆ ಕೂಗುವವಳಲ್ಲ. ಇಸ್ತ್ರಿ ಪೆಟ್ಟಿಗೆಯ ಜೊತೆ ಮಾತಾಡುತ್ತಾಳೆ. ಚಿಕ್ಕಪ್ಪ ಬದುಕಿದ್ದಾಗ ಅವನಿಗೆ ಹೇಳಬೇಕಾದದ್ದನ್ನೆಲ್ಲ ಪೆಟ್ಟಿಗೆಗೆ ಹೇಳಿ ಹೇಳಿ, ಅವನು ಪೆಟ್ಟಿಗೆಗೆ ಉತ್ತರ ಕೊಟ್ಟು ಕೊಟ್ಟು, ಅದು ಮನೆಯ ಪದ್ಧತಿಯೇ ಆಗಿಹೋಯಿತು. ಸಿಟ್ಟು ಬಂದಾಗ ಯಂತ್ರಕ್ಕೆ ಮರ್ಯಾದೆ ಕೊಟ್ಟು ಮಾತಾಡುವುದು ನನಗೆ ರಕ್ತದಲ್ಲಿ ಬಂದದ್ದು, ಈ ಪತ್ರ ಓದುತ್ತಾ ತಮಗೂ ಅನುಮಾನ ಬಂದಿರಬೇಕು.

ನಮ್ಮ ಬೀದಿಯಲ್ಲಿ ಹೊಸ ಚರಂಡಿ ಅಗೆಯುವುದು ನಾನೇ ಎಂದು ಗೊತ್ತಾದ ದಿನ ಚಿಕ್ಕಮ್ಮ ಬಟ್ಟೆ ಮಡಚುತ್ತಾ, ನನ್ನ ಮುಖವನ್ನೇ ನೋಡಿ, ಪೆಟ್ಟಿಗೆಯ ಸಹಾಯವಿಲ್ಲದೆ ಒಂದು ಮಾತು ಹೇಳಿದಳು.

“ನನ್ನ ನಲ್ಲಿ ನಿಂತರೆ ನಿನ್ನ ತಟ್ಟೆನೂ ನಿಲ್ಲುತ್ತೆ ಕಣೋ, ನೋಡ್ಕೊ.”

ನೋಡಿಕೊಂಡೆ. ಹಾಳೆ ಕೊಡದೆ ಜೆಸಿಬಿಯ ಬಕೆಟ್ಟು ಇಳಿಸುವುದಿಲ್ಲ ಎಂದು ಮೇಸ್ತ್ರಿಯ ಜೊತೆ ಜಗಳ ತೆಗೆದೆ. ಈ ಮೇಸ್ತ್ರಿಗೆ ನಾವು ಟೋಪಿ ಮೇಸ್ತ್ರಿ ಎನ್ನುತ್ತೇವೆ. ತಲೆಯ ಮೇಲಿನ ಹಳದಿ ಹೆಲ್ಮೆಟ್ಟನ್ನು ಅವನು ಊಟಕ್ಕೂ ತೆಗೆಯುವುದಿಲ್ಲ, ಅದರಡಿ ಕೂದಲಿದೆಯೋ ಇಲ್ಲವೋ ಎಂದು ನಮ್ಮಲ್ಲಿ ಎರಡು ಪಂಗಡಗಳಿವೆ. ಅವನು ಗೊಣಗಿಕೊಂಡು ತಮ್ಮ ಹಾಳೆಗಳ ಕಟ್ಟು ತಂದುಕೊಟ್ಟ. ಇಡೀ ಬೀದಿಯನ್ನು ಮೇಲಿನಿಂದ ನೋಡಿದ ದೊಡ್ಡ ನಕ್ಷೆ ಆಫೀಸಿನಲ್ಲೇ ಇತ್ತು, ನಮಗೆ ಬಂದದ್ದು ಕೊಯ್ದ ಹೋಳುಗಳು ಮಾತ್ರ. ಪ್ರತಿ ಹೋಳಿನಲ್ಲೂ ಎಡಕ್ಕೆ ನೀಲಿ ಮೊಟ್ಟೆ, ಬಲಕ್ಕೆ ಹಸಿರು ಚರಂಡಿ. ನೀರು ಎಡ, ಅಗೆತ ಬಲ. ಇದರಲ್ಲಿ ತಪ್ಪುವುದಕ್ಕೆ ಏನಿದೆ ಹೇಳಿ.

ತಪ್ಪುವುದಕ್ಕೆ ಇದ್ದದ್ದು ಒಂದೇ, ನೆರಳು. ತಮ್ಮ ಲೆಕ್ಕದಲ್ಲಿ ಈ ರಸ್ತೆ ರೈಲು ಗೇಟಿನ ಹತ್ತಿರ ಶುರುವಾಗಿ ಹಳೆ ಟಾಕೀಸಿನ ಹತ್ತಿರ ಮುಗಿಯುತ್ತದೆ. ಆದರೆ ರೈಲು ಗೇಟಿನ ಹತ್ತಿರ ಯಂತ್ರ ನಿಲ್ಲಿಸಲು ಜಾಗವಿಲ್ಲ, ಬುತ್ತಿ ಇಡಲು ನೆರಳಿಲ್ಲ. ಟಾಕೀಸಿನ ಹತ್ತಿರ ಎತ್ತರದ ಕಾಂಪೌಂಡು ಗೋಡೆ ಇದೆ. ತಮ್ಮ ರಸ್ತೆ ಶುರುವಾಗುವುದು ಸೊನ್ನೆಯಿಂದ, ನಮ್ಮ ರಸ್ತೆ ಶುರುವಾಗುವುದು ನೆರಳಿನಿಂದ. ಲೋಕದ ಯಾವ ಮೂಲೆಯ ಕೆಲಸದವರನ್ನಾದರೂ ಕೇಳಿ ನೋಡಿ. ನಾವೇನು ದಡ್ಡರಲ್ಲ, ಕೊನೆಯಿಂದ ಶುರುಮಾಡುತ್ತಿದ್ದೇವೆ ಎಂದು ಹಾಳೆಗಳ ಕಟ್ಟನ್ನೂ ಕೊನೆಯಿಂದಲೇ ತಿರುವುತ್ತಾ ಬಂದೆವು. ಟಾಕೀಸಿಗೆ ಬೆನ್ನು ಹಾಕಿ, ರೈಲು ಗೇಟಿನ ಕಡೆ ಮುಖ ಮಾಡಿ, ನಮ್ಮ ಬಲಗೈ ಕಡೆಗೆ ಸುಣ್ಣದ ಗೆರೆ ಎಳೆದು, ಅಲ್ಲಿ ಅಗೆದೆವು.

ಅಗೆತ ಲಾಂಡ್ರಿಯ ಸಾಲಿಗೇ ಬರುತ್ತಿರುವುದನ್ನು ಕಂಡು ಚಿಕ್ಕಮ್ಮ ಬಾಗಿಲಿಗೆ ಬಂದು ವಿಚಾರಿಸಿದಳು. ನೀರಿನ ಪೈಪು ಎದುರುಗಡೆ ಸಾಲಿನಲ್ಲಿದೆ, ಹಾಳೆಯಲ್ಲೇ ಹಾಕಿದ್ದಾರೆ, ನೀನು ಒಳಗೆ ಹೋಗು ಎಂದು ನಾನು ಯಂತ್ರದ ಮೇಲಿಂದಲೇ ಹೇಳಿದೆ. ಪೈಪು ಎದುರುಗಡೆ ಇದ್ದರೆ ನನ್ನ ನಲ್ಲಿಗೆ ನೀರು ಹಾರಿ ಬರುತ್ತದಾ ಎಂದು ಕೇಳಿದಳು. ಅದೆಲ್ಲ ಕಂಪ್ಯೂಟರಿನವರು ನೋಡಿಕೊಂಡಿರುತ್ತಾರೆ ಎಂದೆ. ನನ್ನ ಜನ್ಮದಲ್ಲಿ ನಾನು ತಮ್ಮ ಪರವಾಗಿ ಆಡಿದ ಮಾತು ಅದೊಂದೇ, ದಯವಿಟ್ಟು ಅದನ್ನು ಗಮನಕ್ಕೆ ತಂದುಕೊಳ್ಳಬೇಕು.

ಚರಂಡಿಗೆ ಇಳಿಜಾರು ಬೇಕಲ್ಲ, ಟಾಕೀಸಿನ ಹತ್ತಿರ ಮೊಣಕಾಲುದ್ದ ಇದ್ದದ್ದು ಗೇಟಿನ ಕಡೆ ಹೋಗುತ್ತಾ ಹೋಗುತ್ತಾ ಆಳವಾಗಬೇಕು. ಹಾಗಾಗಿ ಅರ್ಧ ಬೀದಿಯವರೆಗೆ ನನ್ನ ಬಕೆಟ್ಟು ಪೈಪಿನ ತಲೆ ಸವರಿಕೊಂಡು ಬಂದಿದೆ, ನನಗೆ ಗೊತ್ತಿಲ್ಲ. ಪೈಪು ಸಿಗುವಷ್ಟು ಆಳ ಬಂದದ್ದು ಎಲ್ಲಿ ಎಂದರೆ ಲಾಂಡ್ರಿಯ ಬಾಗಿಲ ಎದುರಿಗೇ. ನೀರು ಎದ್ದು ಅಂಗಡಿಯ ಬೋರ್ಡನ್ನು ತೊಳೆಯಿತು. ಚಿಕ್ಕಪ್ಪ ಹೋದಮೇಲೆ ಆ ಬೋರ್ಡು ಸ್ನಾನ ಕಂಡದ್ದು ಅವತ್ತೇ.

ಒಳಗೆ ಎರಡೂ ಯಂತ್ರದಲ್ಲಿ ಆಸ್ಪತ್ರೆಯ ಬಟ್ಟೆ ಸೋಪಿನ ನೊರೆಯ ಸಮೇತ ನಿಂತುಹೋಯಿತು. ಚಿಕ್ಕಮ್ಮ ನೊರೆಯ ಕೈಯಲ್ಲೇ ಹೊರಗೆ ಬಂದು ನೀರನ್ನು ನೋಡಿದಳು, ಗುಂಡಿಯನ್ನು ನೋಡಿದಳು, ನನ್ನನ್ನು ನೋಡಲಿಲ್ಲ. ನೊರೆ ತುಂಬಿದ ಅಷ್ಟೂ ಬಟ್ಟೆಯನ್ನು ತಳ್ಳುಗಾಡಿಗೆ ಹೇರಿಕೊಂಡು ಪಕ್ಕದ ಬೀದಿಗೆ ಹೊರಟಳು. ಪಕ್ಕದ ಬೀದಿಯಲ್ಲಿ ಇನ್ನೊಂದು ಲಾಂಡ್ರಿ ಇದೆ, ಅದು ಅವಳ ನಾದಿನಿಯದು. ಈ ಅತ್ತಿಗೆ ನಾದಿನಿಯರು ಒಂದು ಇಸ್ತ್ರಿ ಮೇಜು ಯಾರಿಗೆ ಸೇರಬೇಕು ಎಂಬ ವಿಷಯಕ್ಕೆ ಮಾತು ಬಿಟ್ಟಾಗ ನನಗೆ ಇನ್ನೂ ಮೀಸೆ ಬಂದಿರಲಿಲ್ಲ. ನಾದಿನಿ ಜಗಳ ಮಾಡಿದ್ದರೆ ಚಿಕ್ಕಮ್ಮನಿಗೆ ಸುಲಭವಾಗುತ್ತಿತ್ತು. ಆಕೆ ಜಗಳ ಮಾಡಲಿಲ್ಲ. ಬಾ ಅತ್ತಿಗೆ ಎಂದು ಕುರ್ಚಿ ಹಾಕಿ, ಚಹಾ ಕೊಟ್ಟು, ಬಟ್ಟೆಯನ್ನೆಲ್ಲ ಜಾಲಿಸಿ, ಹಿಂಡಿ, ಗಾಡಿಗೆ ತುಂಬಿ, ಗಾಡಿಯನ್ನು ತಿರುವಿನವರೆಗೆ ತಾನೇ ತಳ್ಳಿಕೊಟ್ಟಳು. ಅಷ್ಟು ದೊಡ್ಡ ಅವಮಾನ ನಮ್ಮ ಮನೆತನಕ್ಕೆ ಹಿಂದೆಂದೂ ಆಗಿರಲಿಲ್ಲ.

ಅವತ್ತಿನಿಂದ ನನ್ನ ಹೆಸರು ಆ ಮನೆಯಲ್ಲಿ ಬಳಕೆಯಲ್ಲಿಲ್ಲ.

ಟೋಪಿ ಮೇಸ್ತ್ರಿ ನನ್ನಿಂದ ಯಂತ್ರದ ಕೀ ಕಿತ್ತುಕೊಂಡು ಕೈಗೆ ಸಲಿಕೆ ಕೊಟ್ಟ, ಆಮೇಲೆ ಆಫೀಸಿಗೆ ಫೋನು ಮಾಡಿ, ನಿಮ್ಮ ಹಾಳೆ ಸುಳ್ಳು ಹೇಳಿದೆ ಎಂದು ಬಾಯಿಗೆ ಬಂದ ಹಾಗೆ ಬೈದ. ನಾನೂ ಪಕ್ಕದಲ್ಲಿ ನಿಂತು, ಅವನು ಮರೆತ ಬೈಗುಳಗಳನ್ನು ಜ್ಞಾಪಕ ಮಾಡಿಕೊಟ್ಟೆ. ಆಗ ಸ್ಕೂಟರಿನಲ್ಲಿ ಬಂದವರು ತಮ್ಮ ಜೊತೆ ಕೂತು ಕೆಲಸ ಮಾಡುವ ಅಕ್ಕ, ತಮಗೆ ಆಕೆಯ ಕೈಯ ಪರಿಚಯ ಇದ್ದೇ ಇರುತ್ತದೆ; ನಾವು ಮೌಸ್ ಅಕ್ಕ ಎನ್ನುತ್ತೇವೆ. ಆಕೆ ಗುಂಡಿಯನ್ನೂ ನೋಡಲಿಲ್ಲ, ಪೈಪನ್ನೂ ನೋಡಲಿಲ್ಲ. ನೀವು ಯಾವ ಕಡೆ ಮುಖ ಮಾಡಿಕೊಂಡು ಹಾಳೆ ಓದಿದಿರಿ ಎಂದು ಕೇಳಿದರು. ಮೇಸ್ತ್ರಿ ರೈಲು ಗೇಟಿನ ಕಡೆ ಕೈ ತೋರಿಸಿದ. ಮೌಸ್ ಅಕ್ಕ ಕಣ್ಣು ಮುಚ್ಚಿಕೊಂಡು ಒಂದು ಉಸಿರು ಬಿಟ್ಟು, ನನ್ನ ಎರಡೂ ಭುಜ ಹಿಡಿದು, ಮದುವೆಯಾಗದ ಹುಡುಗ ಎಂದೂ ನೋಡದೆ ನಡುಬೀದಿಯಲ್ಲಿ ನನ್ನನ್ನು ಗರಕ್ಕನೆ ಟಾಕೀಸಿನ ಕಡೆ ತಿರುಗಿಸಿ ನಿಲ್ಲಿಸಿದರು.

“ಈಗ ಹೇಳಪ್ಪ, ನಿನ್ನ ಎಡಗೈ ಕಡೆ ಯಾರ ಅಂಗಡಿ ಇದೆ?”

“ಚಿಕ್ಕಮ್ಮಂದು,” ಎಂದೆ.

ಟೋಪಿ ಮೇಸ್ತ್ರಿ ನಿಧಾನಕ್ಕೆ ಹೆಲ್ಮೆಟ್ಟು ತೆಗೆದು ಕೈಯಲ್ಲಿ ಹಿಡಿದುಕೊಂಡ. ಕೂದಲಿದೆ. ನಾನಿದ್ದ ಪಂಗಡ ಅಲ್ಲೂ ಸೋತಿತು.

ಅಂದರೆ ತಾವು ಸರಿಯಾಗಿದ್ದಿರಿ. ನನ್ನ ದೂರು ಇರುವುದೇ ಇಲ್ಲಿ. ತಾವು ತಪ್ಪಾಗಿದ್ದರೆ ನಾಲ್ಕು ಬೈದು, ಕಂಪ್ಯೂಟರು ಅಂದರೆ ಹಾಗೇ ಎಂದು ಚಿಕ್ಕಮ್ಮನ ಮುಂದೆ ತಲೆ ಎತ್ತಿ ನಿಲ್ಲುತ್ತಿದ್ದೆ. ನೀಲಿ ಮೊಟ್ಟೆ ಇರಬೇಕಾದ ಕಡೆಯೇ ಇತ್ತು, ಆಳವೂ ಅಷ್ಟೇ ಇತ್ತು, ಅಂಗುಲದಷ್ಟೂ ಆಚೀಚೆ ಇರಲಿಲ್ಲ. ಓದುವವನು ಎತ್ತ ಮುಖ ಮಾಡಿ ನಿಂತು ಓದಬೇಕು ಎನ್ನುವುದೊಂದನ್ನು ಮಾತ್ರ ತಾವು ಹೊಟ್ಟೆಯಲ್ಲಿ ಇಟ್ಟುಕೊಂಡಿರಿ. ರಸ್ತೆಯ ಅಳತೆ ಏರುವ ದಿಕ್ಕಿಗೆ, ಅಂದರೆ ಗೇಟಿನಿಂದ ಟಾಕೀಸಿನ ಕಡೆಗೆ, ಮುಖ ಮಾಡಬೇಕು, ಅದು ನಿಯಮ, ಎಲ್ಲರಿಗೂ ಗೊತ್ತಿರುತ್ತದೆ ಎಂದರು ಮೌಸ್ ಅಕ್ಕ. ಎಲ್ಲರೂ ಎಂದರೆ ಯಾರು ಸ್ವಾಮಿ? ನನಗೆ ಗೊತ್ತಿರಲಿಲ್ಲ, ಮೇಸ್ತ್ರಿಗೆ ಗೊತ್ತಿರಲಿಲ್ಲ, ಆ ಪೈಪನ್ನು ಕೇಳಿದ್ದರೆ ಅದೂ ಇಲ್ಲ ಎನ್ನುತ್ತಿತ್ತು. ಹಾಳೆಯ ಕೆಳಗಿನ ಮೂಲೆಯಲ್ಲಿ ಒಂದು ಚೌಕ ಹಾಕಿ, ಅದರಲ್ಲಿ ಬಿಡಿಸಿದವರು, ನೋಡಿದವರು, ಒಪ್ಪಿದವರು ಎಂದು ಮೂರು ಮೂರು ಸಹಿಗೆ ಜಾಗ ಬಿಡುವ ತಮಗೆ, ‘ಟಾಕೀಸಿನ ಕಡೆ ನೋಡು ಮಾರಾಯ’ ಎಂದು ಬರೆಯುವಷ್ಟು ಜಾಗ ಇರಲಿಲ್ಲವೇ?

ಸಂಜೆ ಮನೆಗೆ ಬರುವಷ್ಟರಲ್ಲಿ ಈ ಸುದ್ದಿ ನನಗಿಂತ ಮೊದಲು ಬಂದು ಕೂತಿತ್ತು. ಚಿಕ್ಕಮ್ಮ ಮೇಜಿನ ಮೇಲಿಂದ ತಲೆ ಎತ್ತದೆ ಹೇಳಿದಳು.

“ಇಸ್ತ್ರಿ ಪೆಟ್ಟಿಗೆಯೇ, ಊಟ ಮುಚ್ಚಿಟ್ಟಿದ್ದೀನಿ. ಬೇಕಾದವರಿಗೆ ಎರಡು ಕೈ ಇವೆ. ಯಾವುದು ಎಡ, ಯಾವುದು ಬಲ ಅಂತ ಆಫೀಸಿನವರನ್ನ ಕೇಳ್ಕೊಂಡು ಬಡಿಸ್ಕೊಳ್ಳಲಿ.”

ಪೆಟ್ಟಿಗೆ ಬುಸ್ ಎಂದು ಹಬೆ ಬಿಟ್ಟಿತು. ಅದೂ ಅವಳ ಕಡೆಯೇ.

ಆದ್ದರಿಂದ ತಮ್ಮಲ್ಲಿ ಕೆಲವು ಸಣ್ಣ ಬೇಡಿಕೆಗಳನ್ನು ಇಡುತ್ತಿದ್ದೇನೆ, ತಾವು ದೊಡ್ಡವರು, ಇಲ್ಲ ಎನ್ನಬಾರದು. ಜೆಸಿಬಿಯ ಹಲ್ಲು ಪೈಪಿನ ಹತ್ತಿರ ಬಂದ ಕೂಡಲೇ ಹಾಳೆಯೊಳಗಿನ ನೀಲಿ ಮೊಟ್ಟೆ ಕೋಳಿಯ ಹಾಗೆ ಕೂಗಿಕೊಳ್ಳಬೇಕು. ಅದು ಆಗದಿದ್ದರೆ ಪೈಪಿನ ಪಕ್ಕ ‘ನೀರು’ ಎಂದಷ್ಟೇ ಬರೆದು ಕೈತೊಳೆದುಕೊಳ್ಳದೆ, ಆ ನೀರನ್ನು ಯಾರು ಕುಡಿಯುತ್ತಾರೆ, ಯಾರು ಒಗೆಯುತ್ತಾರೆ, ಅವರಿಗೆ ಸಿಟ್ಟು ಎಷ್ಟು ದಿನ ಇರುತ್ತದೆ ಎಂದೂ ಬರೆಯಬೇಕು. ಕೇಬಲ್ಲಿನ ದಪ್ಪ ಬರೆಯುತ್ತೀರಿ, ಚಿಕ್ಕಮ್ಮನ ಸಿಟ್ಟು ಅದಕ್ಕಿಂತ ದಪ್ಪ ಇದೆ. ಅದೂ ಆಗದಿದ್ದರೆ ತಾವೇ ಒಂದು ದಿನ ಬಿಡುವು ಮಾಡಿಕೊಂಡು, ಪರದೆಯಿಂದ ಇಳಿದು, ಲಾಂಡ್ರಿಗೆ ಬಂದು, ಇಸ್ತ್ರಿ ಪೆಟ್ಟಿಗೆಯ ಮೂಲಕ ನನ್ನ ಪರವಾಗಿ ಎರಡು ಮಾತಾಡಬೇಕು. ಯಂತ್ರಕ್ಕೆ ಯಂತ್ರ ಹೇಳಿದರೆ ಕೇಳೀತು. ಇದ್ಯಾವುದೂ ತಮ್ಮ ಅಂತಸ್ತಿಗೆ ಸರಿಹೋಗದಿದ್ದರೆ, ಕೊನೆಗೆ ಇಷ್ಟಾದರೂ ಮಾಡಿ. ಪ್ರತಿ ಹೋಳಿನ ಮೇಲೂ ಬೆನ್ನು ಕಾಣುವ ಹಾಗೆ ಒಬ್ಬ ಮನುಷ್ಯನನ್ನು ನಿಲ್ಲಿಸಿ. ಬೆನ್ನು ಕಂಡರೆ ನಾವೂ ಅವನ ಹಿಂದೆ ಅವನ ಹಾಗೇ ನಿಲ್ಲುತ್ತೇವೆ, ಅವನ ಎಡವೇ ನಮ್ಮ ಎಡ. ಮನುಷ್ಯ ಮನುಷ್ಯನ ಹಿಂದೆ ನಿಲ್ಲುವುದನ್ನು ಕಲಿಯುವುದಕ್ಕೆ ಒಂಬತ್ತನೇ ಕ್ಲಾಸು ಕೂಡ ಬೇಕಾಗಿಲ್ಲ, ನಲ್ಲಿಯ ಮುಂದೆ ಕ್ಯೂ ನಿಂತರೆ ಸಾಕು.

ಇಲ್ಲಿಯವರೆಗೆ ಬರೆದು, ಹೇಗೂ ಕೋಪ ಆರುವುದಿಲ್ಲವಲ್ಲ, ಮಿಕ್ಕದ್ದು ನಾಳೆ ಬೈಯೋಣ ಎಂದು ಎತ್ತಿಟ್ಟಿದ್ದೆ. ಆಮೇಲೆ ವಿಷಯ ಸ್ವಲ್ಪ ಕೆಟ್ಟುಹೋಯಿತು, ಅಂದರೆ ಸರಿಹೋಯಿತು. ಸಿಟ್ಟಿನ ಪತ್ರ ಬರೆಯುವವರಿಗೆ ಅದೂ ಒಂದು ತೊಂದರೆ.

ನಡೆದದ್ದು ಇಷ್ಟು. ಬೆನ್ನು ಕಾಣುವ ಮನುಷ್ಯನ ವಿಷಯವನ್ನು ನಾನು ಸಲಿಕೆ ಊರಿಕೊಂಡು ಮೌಸ್ ಅಕ್ಕನಿಗೂ ಹೇಳಿದ್ದೆ. ಅವರು ಮೊದಲು ನಕ್ಕರು, ಆಮೇಲೆ ನಗಲಿಲ್ಲ. ಅದೇನು ಕಷ್ಟವಲ್ಲ, ಒಂದು ಸಲ ಬಿಡಿಸಿ ಕೊಟ್ಟರೆ ಎಲ್ಲ ಹೋಳಿನ ಮೇಲೂ ಕೂರಿಸಬಹುದು ಎಂದು ಹೇಳಿ, ಯಾರನ್ನು ನಿಲ್ಲಿಸಲಿ ಎಂದು ಕೇಳಿದರು. ಚಿಕ್ಕಮ್ಮನನ್ನು ನಿಲ್ಲಿಸಿ, ಪೈಪಿನ ಮೇಲೆಯೇ ನಿಲ್ಲಿಸಿ, ಕೈಯಲ್ಲಿ ಒಂದು ಬಕೀಟು ಕೊಡಿ ಎಂದೆ. ಹಗ್ಗಕ್ಕೆ ಬಟ್ಟೆ ಹರವುತ್ತಿದ್ದ ಚಿಕ್ಕಮ್ಮನನ್ನು ರಸ್ತೆಯ ಆಚೆಯಿಂದ ಸ್ವಲ್ಪ ಹೊತ್ತು ನೋಡಿಕೊಂಡು ಹೋದರು. ಹೊಸ ಹಾಳೆಗಳು ಬಂದವು. ಒಂದೊಂದು ಹೋಳಿನಲ್ಲೂ, ಎಡಕ್ಕೆ, ನೀಲಿ ಮೊಟ್ಟೆಯ ತಲೆಯ ಮೇಲೆ, ನಮಗೆ ಬೆನ್ನು ಹಾಕಿ, ಸೆರಗು ಸೊಂಟಕ್ಕೆ ಸಿಕ್ಕಿಸಿ, ಬಕೀಟು ಹಿಡಿದು ಚಿಕ್ಕಮ್ಮ ನಿಂತಿದ್ದಳು. ಈಗ ನಮ್ಮ ಕೆಲಸದಲ್ಲಿ ಎಡ ಬಲ ಎಂಬ ಮಾತೇ ಇಲ್ಲ. ಚಿಕ್ಕಮ್ಮನ ಕಡೆ, ಆಚೆ ಕಡೆ, ಅಷ್ಟೇ. ಪೈಪಿಗೆ ಹೊಸ ತುಂಡು ಹಾಕಿದರು, ನಾನು ತೋಡಿದ ಗುಂಡಿಯನ್ನು ನನ್ನ ಸಲಿಕೆಯಿಂದಲೇ ಮುಚ್ಚಿಸಿದರು, ಕೀ ವಾಪಸು ಕೊಟ್ಟರು. ಮತ್ತೆ ನೆರಳಿನಿಂದಲೇ ಶುರುಮಾಡಿದ್ದೇವೆ, ಅದನ್ನು ಮಾತ್ರ ಯಾವ ಸಾಫ್ಟ್‌ವೇರಿಗೂ ಬಿಟ್ಟುಕೊಡುವುದಿಲ್ಲ. ಹಾಳೆ ಓದುವಾಗ ಮಾತ್ರ ಮೇಸ್ತ್ರಿಯೂ ನಾನೂ ಕವಾಯತಿನವರ ಹಾಗೆ ಒಟ್ಟಿಗೆ ಟಾಕೀಸಿನ ಕಡೆ ತಿರುಗಿ ನಿಲ್ಲುತ್ತೇವೆ.

ಒಂದು ಹಾಳೆಯನ್ನು ನಾಲ್ಕು ಮಡಿಕೆ ಮಾಡಿ ಜೇಬಿನಲ್ಲಿಟ್ಟುಕೊಂಡು ಬಂದು, ಇಸ್ತ್ರಿ ಮೇಜಿನ ಮೇಲೆ ಬಿಡಿಸಿಟ್ಟೆ. ಚಿಕ್ಕಮ್ಮ ಕನ್ನಡಕ ಹಾಕಿಕೊಂಡು ಬಗ್ಗಿ ನೋಡಿದಳು. ನೋಡುತ್ತಲೇ ಇದ್ದಳು. ನನ್ನ ಚಿಕ್ಕಮ್ಮ ಬಾಗಿಲಲ್ಲಿ ನಿಂತರೆ ಒಳಗಿನ ಬೆಳಕು ಹೊರಗೆ ಬರುವುದಿಲ್ಲ, ಅಷ್ಟು ಮೈತುಂಬಿದ ಹೆಂಗಸು. ಆದರೆ ತಮ್ಮ ಮನೆತನದ ಪದ್ಧತಿ ಪೈಪಿಗೊಂದು ಮನುಷ್ಯರಿಗೊಂದು ಅಲ್ಲವಲ್ಲ. ಎತ್ತರವನ್ನು ಎರಡರಷ್ಟು ಎಳೆದು, ಅಗಲವನ್ನು ಹಾಗೇ ಬಿಟ್ಟಿದ್ದಿರಿ.

“ಇಸ್ತ್ರಿ ಪೆಟ್ಟಿಗೆಯೇ, ಈ ಸಪೂರ ಹೆಂಗಸು ಯಾರು ಅಂತ ಕೇಳು.”

“ಇಸ್ತ್ರಿ ಪೆಟ್ಟಿಗೆಯೇ, ನಮ್ಮ ಚಿಕ್ಕಮ್ಮ ಅಂತ ಹೇಳು.”

ಅವಳು ಪೆಟ್ಟಿಗೆಯ ಬಿಸಿ ತಗ್ಗಿಸಿದಳು. ಹಾಳೆಯ ಮೇಲೆ ಒಂದು ತೆಳು ಬಟ್ಟೆ ಹಾಕಿ, ನನ್ನ ಜೇಬು ಮಾಡಿದ ಮಡಿಕೆಗಳನ್ನು ಒಂದೊಂದಾಗಿ, ಮದುವಣಿಗನ ಅಂಗಿಗೆ ಮಾಡುವ ಹಾಗೆ, ಇಸ್ತ್ರಿ ಮಾಡಿದಳು. ಗಲ್ಲಾದ ಹಿಂದಿನ ಗೋಡೆಗೆ ಒತ್ತಿ ಹಿಡಿದು, ಸೊಟ್ಟಗಿದೆಯಾ ಎಂದು ದೂರ ನಿಂತು ನೋಡಿ, ಮೊಳೆ ಹೊಡೆದಳು. ಆಮೇಲೆ ಪೆಟ್ಟಿಗೆಯ ವೈರು ಕಿತ್ತು, ನನ್ನ ಕಡೆ ತಿರುಗಿ, ನನ್ನ ಮುಖ ನೋಡಿ ಹೇಳಿದಳು.

“ನೀರು ಬಂದಿದೆ. ಕೈ ತೊಳ್ಕೊಂಡು ಬಾ. ಎರಡೂ ಕೈ.”

ಹಾಗಾಗಿ ತಮ್ಮ ಮೇಲಿನ ದೂರನ್ನು ಹಿಂದಕ್ಕೆ ತೆಗೆದುಕೊಳ್ಳುತ್ತಿಲ್ಲ, ಊಟದ ನಂತರ ಮುಂದುವರಿಸುತ್ತೇನೆ ಎಂದು ತಿಳಿಯಬೇಕು.

ಇಂತಿ, ಟಾಕೀಸಿನ ಕಡೆ ಮುಖ ಮಾಡಿ ನಿಂತಿರುವ

ತಮ್ಮ ವಿಶ್ವಾಸಿ,
ಚಿಕ್ಕಮ್ಮನ ಕಡೆಯವನು

ತಾ.ಕ.: ಗೋಡೆಯ ಮೇಲಿನ ಚಿತ್ರದ ಸುದ್ದಿ ಕೇಳಿ ಪಕ್ಕದ ಬೀದಿಯಿಂದ ನಾದಿನಿ ಬಂದಿದ್ದಳು. ಚಹಾದ ಋಣ ತೀರಿತು, ಕುರ್ಚಿಯ ಋಣವೂ ತೀರಿತು. ತನ್ನ ಬೀದಿಯ ರಸ್ತೆ ಮಾಡುವಾಗ ತನ್ನನ್ನೂ ಹೀಗೇ ನಿಲ್ಲಿಸಬೇಕು ಎಂದು ಆಕೆ ಕೇಳಿಕೊಂಡಿದ್ದಾಳೆ, ಚಿಕ್ಕಮ್ಮ ಧಾರಾಳವಾಗಿ ಒಪ್ಪಿದ್ದಾಳೆ. ಆಕೆ ಹೋದಮೇಲೆ ತಮಗೆ ತಿಳಿಸಲು ಚಿಕ್ಕಮ್ಮ ನನಗೆ ಹೇಳಿದ್ದು ಏನೆಂದರೆ, ಆ ಬೀದಿಯ ಹಾಳೆಗಳಲ್ಲಿ ತಾವು ಎತ್ತರವನ್ನು ಹ್ಯಾಗಿದೆಯೋ ಹಾಗೇ ಬಿಟ್ಟು, ಅಗಲವನ್ನು ಎರಡರಷ್ಟು ಎಳೆಯಬೇಕು. ಇದಕ್ಕೆ ತಾವು ಉತ್ತರ ಬರೆಯುವುದಾದರೆ, ಯಾವ ಕಡೆ ಮುಖ ಮಾಡಿಕೊಂಡು ಓದಬೇಕು ಎಂದು ಮೊದಲ ಸಾಲಿನಲ್ಲೇ ಬರೆದು ಶುರುಮಾಡಿ.